‘ಸರ್, ಫೀ ಪೇಜ್ ಓಪನ್ ಆಗ್ತಿಲ್ಲ’: ಒಂದು ಕಾಲೇಜಿನ ಸ್ಟೇಟಸ್ ಪೇಜ್ ಪ್ರಕರಣ

ಪರೀಕ್ಷಾ ಫೀ ಕಟ್ಟಲು ಅದು ಕೊನೆಯ ದಿನ. ಬೆಳಿಗ್ಗೆ ಹತ್ತೂವರೆ. ನಮ್ಮ ಐಟಿ ಸೆಲ್‌ನ ಫೋನ್ ಒಂದು ಕರೆ ಮುಗಿಸಿ ಇಡುವಷ್ಟರಲ್ಲಿ ಮತ್ತೆ ಬಡಿದುಕೊಳ್ಳುತ್ತಿತ್ತು. ‘ಸರ್, ಫೀ ಪೇಜ್ ಓಪನ್ ಆಗ್ತಿಲ್ಲ.’ ‘ಸರ್, ದುಡ್ಡು ಕಟ್ ಆಗಿದೆ, ರಸೀದಿ ಬಂದಿಲ್ಲ.’ ‘ಸರ್ವರ್ ಡೌನ್ ಅಂತೆ, ಹೌದಾ ಸರ್?’ ಬಾಗಿಲ ಹತ್ತಿರ ಹುಡುಗರು ಮೊಬೈಲ್ ಎತ್ತಿ ಹಿಡಿದುಕೊಂಡು ನಿಂತಿದ್ದರು. ಒಬ್ಬರ ಭುಜದ ಮೇಲಿಂದ ಇನ್ನೊಬ್ಬರು ಇಣುಕುತ್ತಿದ್ದರು.

ದೋಷ ಸಣ್ಣದೇ ಆಗಿತ್ತು. ಸರ್ವರ್ ತನ್ನ ಕೆಲಸದ ದಾಖಲೆ ಬರೆದಿಡುವ ಲಾಗ್ ಫೈಲ್‌ಗಳು ಬೆಳೆದು ಅದರ ಡಿಸ್ಕ್ ತುಂಬಿ ಹೋಗಿತ್ತು. ಜಾಗ ಖಾಲಿ ಮಾಡಿ ಮತ್ತೆ ಶುರು ಮಾಡಲು ಹದಿನೈದು ನಿಮಿಷ ಸಾಕು. ನಮಗೆ ಹಿಡಿದದ್ದು ಎರಡು ಗಂಟೆ. ಯಾಕೆಂದರೆ ಸರಿ ಮಾಡಬೇಕಾದವರೇ ಫೋನ್ ಎತ್ತುತ್ತಿದ್ದರು, ಬಾಗಿಲಲ್ಲಿ ಉತ್ತರ ಹೇಳುತ್ತಿದ್ದರು, ಪ್ರಿನ್ಸಿಪಾಲರ ಕೊಠಡಿಗೆ ಹೋಗಿ ವಿವರಿಸುತ್ತಿದ್ದರು. ಅಷ್ಟರಲ್ಲಿ ‘ಫೀ ಡೇಟ್ ಮುಂದೆ ಹೋಗಿದೆ’ ಅಂತ ವಾಟ್ಸಾಪ್ ಗ್ರೂಪುಗಳಲ್ಲಿ ಸುಳ್ಳು ಸುದ್ದಿ ಹರಡಿತು. ಅದನ್ನು ನಂಬಿ ಕೆಲವರು ಮನೆಗೆ ಹೋದರು. ಮರುದಿನ ಅವರು ದಂಡ ಕಟ್ಟಬೇಕಾಯಿತು. ಆ ದಂಡದ ರಸೀದಿಗಳನ್ನು ನೋಡಿದಾಗ ಆದ ಸಂಕಟ ನನಗೆ ಇನ್ನೂ ಹೋಗಿಲ್ಲ.

ನಮ್ಮದು ಊರ ಹೊರಗಿನ ಒಂದು ಇಂಜಿನಿಯರಿಂಗ್ ಕಾಲೇಜು. ಐಟಿ ಸೆಲ್ ಅಂದರೆ ನಾಲ್ಕು ಜನ: ಇಬ್ಬರು ಸಿಸ್ಟಮ್ ಅಡ್ಮಿನ್, ಒಬ್ಬರು ಹಿರಿಯ ಲ್ಯಾಬ್ ಅಸಿಸ್ಟೆಂಟ್, ಒಬ್ಬ ಅಟೆಂಡರ್. ಕ್ಯಾಂಪಸ್ ವೈಫೈ, ಫೀ, ಹಾಜರಾತಿ, ಅಂಕಗಳನ್ನು ನೋಡಿಕೊಳ್ಳುವ ಇಆರ್‌ಪಿ ಸಾಫ್ಟ್‌ವೇರ್, ಪಾಠದ ನೋಟ್ಸ್ ಸಿಗುವ ಮೂಡಲ್, ಲೈಬ್ರರಿಯಲ್ಲಿ ಪುಸ್ತಕ ಹುಡುಕುವ ಕೋಹಾ, ಇಮೇಲ್, ಎಲ್ಲವೂ ನಮ್ಮ ತಲೆಯ ಮೇಲೆ. ಆ ದಿನದ ನಂತರ ನಾವು ಒಂದು ಸ್ಟೇಟಸ್ ಪೇಜ್ ಮಾಡಿದೆವು. ಯಾವ ಸೇವೆ ನಡೀತಿದೆ, ಯಾವುದು ನಿಂತಿದೆ ಅಂತ ಬಳಸುವವರೇ ನೋಡಿಕೊಳ್ಳುವ ಒಂದು ಪುಟ. ಅದು ಹೇಗಾಯಿತು, ಎಲ್ಲಿ ಎಡವಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ. ಫೋನಿನ ಪಕ್ಕ ಒಂದು ಉದ್ದನೆಯ ರಿಜಿಸ್ಟರ್ ಇಟ್ಟೆವು. ಕರೆ ಮಾಡಿದವರ ಮಾತನ್ನು ಅವರು ಹೇಳಿದ ಹಾಗೇ ಬರೆಯಬೇಕು, ನಮ್ಮ ಭಾಷೆಗೆ ತಿರುಗಿಸಬಾರದು ಅನ್ನುವುದು ನಿಯಮ. ಎರಡು ವಾರ ಬರೆದೆವು. ಆಮೇಲೆ ಒಂದು ಶನಿವಾರ ಮಧ್ಯಾಹ್ನ ಕುಳಿತು ಇಡೀ ರಿಜಿಸ್ಟರ್ ಓದಿದೆವು. ‘ನೆಟ್ ಇದೆ ಆದ್ರೆ ಇಲ್ಲ’ ಅನ್ನುವ ಸಾಲು ಮತ್ತೆ ಮತ್ತೆ ಬಂದಿತ್ತು. ಅಂದರೆ ವೈಫೈಗೆ ಫೋನ್ ಸೇರಿಕೊಂಡಿದೆ, ಆದರೆ ಏನೂ ತೆರೆಯುತ್ತಿಲ್ಲ. ಫಲಿತಾಂಶ ಬಂದ ದಿನ ಪುಟದ ತುಂಬ ಒಂದೇ ಪ್ರಶ್ನೆ: ‘ರಿಸಲ್ಟ್ ಸೈಟ್ ಯಾಕೆ ಬರ್ತಿಲ್ಲ?’ ಆ ತಾಣ ವಿಶ್ವವಿದ್ಯಾಲಯದ್ದು, ನಮ್ಮದಲ್ಲ. ಹುಡುಗರಿಗೆ ಆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಅವರಿಗೆ ಕಾಣುವುದು ತೆರೆಯದ ಒಂದು ಪುಟ, ಅಷ್ಟೇ.

ಇನ್ನೊಂದು ವಿಷಯವನ್ನೂ ಆ ರಿಜಿಸ್ಟರ್ ತೋರಿಸಿಕೊಟ್ಟಿತು. ಹೆಚ್ಚಿನ ಕರೆಗಳಲ್ಲಿ ಯಾರೂ ರಿಪೇರಿ ಕೇಳುತ್ತಿರಲಿಲ್ಲ. ‘ನನ್ನ ಫೋನಿಂದೇ ತೊಂದರೆನಾ, ಎಲ್ಲರಿಗೂ ಹೀಗೇನಾ?’, ‘ಯಾವಾಗ ಸರಿ ಹೋಗುತ್ತೆ?’, ‘ಈಗ ನಾನೇನು ಮಾಡಲಿ?’ ಅಂತ ಮಾತ್ರ ಕೇಳುತ್ತಿದ್ದರು. ಈ ಮೂರು ಪ್ರಶ್ನೆಗೆ ಉತ್ತರ ಸಿಗುವ ಪುಟ ಬೇಕು ಅಂತ ಅವತ್ತೇ ತೀರ್ಮಾನವಾಯಿತು.

ಸಾಫ್ಟ್‌ವೇರ್ ಆರಿಸಲು ಜಾಸ್ತಿ ಹೊತ್ತು ಹೋಗಲಿಲ್ಲ. ತಿಂಗಳ ಬಾಡಿಗೆಯ ಸೇವೆಗಳು ನಮ್ಮ ಬಜೆಟ್ಟಿಗೆ ಭಾರ. ಅಪ್‌ಟೈಮ್ ಕುಮಾ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ, ಅಂದರೆ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದದ್ದು. ಸಾಫ್ಟ್‌ವೇರನ್ನು ಸಿದ್ಧ ಪೊಟ್ಟಣದ ಹಾಗೆ ಓಡಿಸುವ ಡಾಕರ್‌ನಲ್ಲಿ ಒಂದೇ ಕಮಾಂಡಿಗೆ ಶುರುವಾಗುತ್ತದೆ, ಸಣ್ಣ ಸರ್ವರಿನಲ್ಲೂ ಓಡುತ್ತದೆ. ನಿಗಾ ಇಡುವುದು, ಟೆಲಿಗ್ರಾಮಿಗೆ ಎಚ್ಚರಿಕೆ ಕಳಿಸುವುದು, ಸಾರ್ವಜನಿಕರಿಗೆ ಪುಟ ತೋರಿಸುವುದು, ಮೂರನ್ನೂ ಅದೇ ಮಾಡುತ್ತದೆ. ಅದನ್ನೇ ಹಾಕಿದೆವು.

ಅದನ್ನು ಎಲ್ಲಿ ಇಡಬೇಕು ಅನ್ನುವುದರ ಮೇಲೆ ಮಾತ್ರ ದೊಡ್ಡ ಚರ್ಚೆ ನಡೆಯಿತು. ನಮ್ಮ ಸರ್ವರ್ ರೂಮಿನಲ್ಲೇ ಜಾಗ ಇತ್ತು, ದುಡ್ಡೂ ಉಳಿಯುತ್ತಿತ್ತು. ಆದರೆ ಕಾಲೇಜಿನ ಇಂಟರ್ನೆಟ್ ಹೋದರೆ ಆ ಪುಟವೂ ಹೋಗುತ್ತದೆ ಅಲ್ವಾ? ದೊಡ್ಡವರಿಗೂ ಈ ಪೆಟ್ಟು ಬಿದ್ದಿದೆ. 2017ರ ಫೆಬ್ರವರಿ 28ರಂದು ಅಮೆಜಾನ್ ವೆಬ್ ಸರ್ವೀಸಸ್‌ನ ಎಸ್3 ಅನ್ನುವ ಸಂಗ್ರಹ ಸೇವೆ ಅಮೆರಿಕದ ವರ್ಜೀನಿಯಾ ಪ್ರದೇಶದಲ್ಲಿ ಕುಸಿಯಿತು. ಕೆಲವೇ ಸರ್ವರ್‌ಗಳನ್ನು ತೆಗೆಯಲು ಕೊಟ್ಟ ಕಮಾಂಡಿನಲ್ಲಿ ಒಂದು ತಪ್ಪು ನಮೂದಾಗಿತ್ತು, ಅದರಿಂದ ಬೇಕಾದ್ದಕ್ಕಿಂತ ತುಂಬಾ ಹೆಚ್ಚು ಸರ್ವರ್‌ಗಳು ಹೊರಬಿದ್ದವು. ಅವರ ಸ್ಟೇಟಸ್ ಪುಟವನ್ನು ತಿದ್ದುವ ವ್ಯವಸ್ಥೆಯೂ ಅದೇ ಎಸ್3 ಮೇಲೆ ನಿಂತಿತ್ತು. ಹೀಗಾಗಿ ಸುಮಾರು ಎರಡು ಗಂಟೆ ಕಾಲ ಒಂದೊಂದು ಸೇವೆಯ ಸ್ಥಿತಿಯನ್ನು ಬದಲಿಸಲು ಅವರಿಗೇ ಆಗಲಿಲ್ಲ. ಟ್ವಿಟರ್ ಮತ್ತು ಪುಟದ ಮೇಲಿನ ಒಂದು ಬ್ಯಾನರ್ ಮೂಲಕ ಸುದ್ದಿ ಹೇಳಬೇಕಾಯಿತು. ಇದನ್ನು ಅವರೇ ತಮ್ಮ ವರದಿಯಲ್ಲಿ ಬರೆದುಕೊಂಡಿದ್ದಾರೆ.

ಹಾಗಾಗಿ ನಮ್ಮ ಪುಟ ಹೊರಗಿನ ಒಂದು ಸಣ್ಣ ಕ್ಲೌಡ್ ಸರ್ವರಿಗೆ ಹೋಯಿತು. ವಿಳಾಸವನ್ನೂ ಕಾಲೇಜಿನ ಡೊಮೇನಿನ ಕೆಳಗೆ ಇಡಲಿಲ್ಲ. ತಾಣದ ಹೆಸರು ಕೊಟ್ಟರೆ ಅದರ ಸರ್ವರ್ ಎಲ್ಲಿದೆ ಅಂತ ಹುಡುಕಿಕೊಡುವ ಡಿಎನ್‌ಎಸ್ ನಮ್ಮ ಕ್ಯಾಂಪಸ್ಸಿನಲ್ಲೇ ಇದೆ. ಅದು ಮಲಗಿದರೆ ಪುಟ ಹೊರಗಿದ್ದೂ ಯಾರಿಗೂ ಸಿಗುವುದಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಕಾಣೆಯಾದದ್ದು ನೆನಪಿರಬಹುದು. ಆಗಲೂ ಅವರ ಡಿಎನ್‌ಎಸ್ ಸರ್ವರ್‌ಗಳಿಗೆ ದಾರಿಯೇ ಇಲ್ಲದಂತಾಗಿತ್ತು. ಬೇರೆ ಡೊಮೇನಿಗೆ ವರ್ಷಕ್ಕೆ ಆಗುವ ಖರ್ಚು ಕಡಿಮೆ. ಅದನ್ನು ಉಳಿಸಲು ಹೋಗಬೇಡಿ ಅಂತ ಈ ಕೆಲಸಕ್ಕೆ ಕೈ ಹಾಕುವ ಎಲ್ಲರಿಗೂ ಹೇಳುತ್ತೇನೆ.

ಪುಟ ಹೊರಗೆ ಹೋದ ಮೇಲೆ ಇನ್ನೊಂದು ತೊಡಕು. ಹೊರಗೆ ಕುಳಿತವನಿಗೆ ಹಾಸ್ಟೆಲ್ ವೈಫೈ ಹೇಗಿದೆ ಅಂತ ಕಾಣುವುದಿಲ್ಲ. ಲ್ಯಾಬಿನ ಪ್ರಾಜೆಕ್ಟ್ ಬೀರುವಿನಲ್ಲಿ ರಾಸ್‌ಬೆರಿ ಪೈ ಅನ್ನುವ ಎರಡು ಹಳೆಯ ಪುಟ್ಟ ಕಂಪ್ಯೂಟರ್ ಬೋರ್ಡ್‌ಗಳಿದ್ದವು. ಒಂದನ್ನು ಹಾಸ್ಟೆಲ್ಲಿನ ಮೊದಲ ಮಹಡಿಯಲ್ಲಿ, ಇನ್ನೊಂದನ್ನು ಲೈಬ್ರರಿಯಲ್ಲಿ ಇಟ್ಟೆವು. ಕೇಬಲ್ ಹಾಕದೆ ಹುಡುಗರು ಬಳಸುವ ಅದೇ ವೈಫೈಗೆ ಸೇರಿಸಿದೆವು. ಪ್ರತಿ ನಿಮಿಷವೂ ಅವು ‘ನಾನಿದ್ದೇನೆ’ ಅಂತ ಹೊರಗಿನ ಪುಟಕ್ಕೆ ಒಂದು ಸಣ್ಣ ಸಂದೇಶ ಕಳಿಸುತ್ತವೆ. ಸಂದೇಶ ನಿಂತರೆ ಆ ಸಾಲು ಕೆಂಪಾಗುತ್ತದೆ. ಅಪ್‌ಟೈಮ್ ಕುಮಾದಲ್ಲಿ ಇದಕ್ಕೆ ಪುಶ್ ಅನ್ನುತ್ತಾರೆ. ಒಂದೇ ಬೋರ್ಡಿನ ಸಂದೇಶ ನಿಂತರೆ ಆ ಕಟ್ಟಡದ ತೊಂದರೆ, ಎರಡೂ ಒಟ್ಟಿಗೆ ನಿಂತರೆ ಇಂಟರ್ನೆಟ್ ಲೈನಿನದ್ದೇ ತೊಂದರೆ ಅಂತ ಲೆಕ್ಕ. ಒಂದು ಸಂದೇಶ ತಪ್ಪಿದ ಕೂಡಲೇ ಕೆಂಪು ಬೇಡ, ಸುಮ್ನೆ ಗಾಬರಿಯಾಗುತ್ತದೆ. ಮತ್ತೆ ಮೂರು ಸಲ ನೋಡಿ ಆಮೇಲೆ ಹೇಳು ಅಂತ ಹೊಂದಿಸಿದೆವು.

ಆಮೇಲೆ ಸಾಲುಗಳಿಗೆ ಹೆಸರಿಡುವ ಕೆಲಸ ಬಂತು. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಇಲ್ಲೇ.

ನಾನು ಮಾಡಿದ ಮೊದಲ ಪಟ್ಟಿಯಲ್ಲಿ ಹತ್ತೊಂಬತ್ತು ಸಾಲುಗಳಿದ್ದವು. ಇಆರ್‌ಪಿ ಆ್ಯಪ್ ಸರ್ವರ್, ಇಆರ್‌ಪಿ ಡೇಟಾಬೇಸ್, ಕೋರ್ ಸ್ವಿಚ್, ರೇಡಿಯಸ್, ಹೀಗೆ. ನನಗದು ಚೆಂದ ಕಾಣುತ್ತಿತ್ತು. ಅದನ್ನು ಪರೀಕ್ಷಾ ವಿಭಾಗದ ಗುಮಾಸ್ತರಾದ ಮೇಡಂ ಒಬ್ಬರಿಗೆ ತೋರಿಸಿದೆ. ಕೌಂಟರಿನಲ್ಲಿ ದಿನವೂ ಹುಡುಗರ ಮುಖ ನೋಡುವವರು ಅವರು. ಕನ್ನಡಕ ಸರಿ ಮಾಡಿಕೊಂಡು ಮೇಲಿಂದ ಕೆಳಗೆ ಓದಿದರು. ಮತ್ತೊಮ್ಮೆ ಓದಿದರು. ‘ಇದ್ರಲ್ಲಿ ಫೀ ಎಲ್ಲಿದೆ ಸರ್?’ ಅಂದರು. ಫೀ ಇರಲೇ ಇಲ್ಲ. ಫೀ ಕಟ್ಟಲು ಬೇಕಾದ ನಾಲ್ಕು ಯಂತ್ರಗಳು ಮಾತ್ರ ಇದ್ದವು.

ಆ ಪಟ್ಟಿಯನ್ನು ಅಲ್ಲೇ ಬಿಟ್ಟೆವು. ಅವರ ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡು ಇಬ್ಬರೂ ಸೇರಿ ಹೊಸದಾಗಿ ಬರೆದೆವು. ಜನ ಏನು ಮಾಡಲು ಬರುತ್ತಾರೋ ಅದೇ ಹೆಸರು. ಫೀ ಕಟ್ಟೋದು. ಹಾಜರಾತಿ ಮತ್ತು ಅಂಕ ನೋಡೋದು. ಹಾಲ್ ಟಿಕೆಟ್. ಪಾಠದ ನೋಟ್ಸ್. ಹಾಸ್ಟೆಲ್ ವೈಫೈ. ಕ್ಲಾಸ್ ಮತ್ತು ಲೈಬ್ರರಿ ವೈಫೈ. ಕಾಲೇಜು ಇಮೇಲ್. ಲೈಬ್ರರಿಯಲ್ಲಿ ಪುಸ್ತಕ ಹುಡುಕೋದು. ಕೆಳಗೆ ಬೇರೆಯಾಗಿ ಒಂದು ಗುಂಪು: ‘ನಮ್ಮ ಕೈಯಲ್ಲಿಲ್ಲದ್ದು’. ವಿಶ್ವವಿದ್ಯಾಲಯದ ಫಲಿತಾಂಶದ ತಾಣ ಅಲ್ಲಿಗೆ ಹೋಯಿತು. ಹೊರರಾಜ್ಯದ ಹುಡುಗರಿಗಾಗಿ ಪ್ರತಿ ಸಾಲಿನ ಪಕ್ಕ ಇಂಗ್ಲಿಷಿನಲ್ಲೂ ಬರೆದೆವು. ಸರ್ವರಿನ ಹೆಸರು, ಐಪಿ ವಿಳಾಸ, ಸಾಫ್ಟ್‌ವೇರ್ ಆವೃತ್ತಿ, ಇವು ಯಾವುವೂ ಪುಟದಲ್ಲಿ ಇಲ್ಲ. ಬಳಸುವವರಿಗೆ ಅವು ಬೇಡ, ಕದಿಯಲು ಬರುವವರಿಗೆ ಮಾತ್ರ ಬೇಕು.

ಸ್ಥಿತಿಯ ಮಾತುಗಳನ್ನೂ ಹೀಗೇ ಆರಿಸಿದೆವು. ‘ಸರಿ ಇದೆ’, ‘ನಿಧಾನ ಇದೆ’, ‘ಕೆಲವರಿಗೆ ಬರ್ತಿಲ್ಲ’, ‘ನಿಂತಿದೆ’, ‘ಮೊದಲೇ ತಿಳಿಸಿದ ರಿಪೇರಿ’. ಅಪ್‌ಟೈಮ್ ಕುಮಾಗೆ ಒಂದು ಸೇವೆ ಇದೆ ಅಥವಾ ಇಲ್ಲ ಅಂತ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ನಡುವಿನ ಎರಡು ಸ್ಥಿತಿಗಳನ್ನು ಪುಟದ ಮೇಲಿನ ಸೂಚನೆಯಲ್ಲಿ ನಾವೇ ಕೈಯಾರೆ ಬರೆಯುತ್ತೇವೆ. ಕೆಂಪು, ಹಸಿರು ಬೇರೆ ಮಾಡಿ ನೋಡಲು ಕಷ್ಟ ಆಗುವವರಿದ್ದಾರೆ. ಅವರಿಗೆ ಬಣ್ಣ ಸಾಲದು, ಮಾತು ಬೇಕು.

ಸೇವೆ ನೂರಕ್ಕೆ ಇಷ್ಟು ಪಾಲು ಹೊತ್ತು ನಡೆದಿತ್ತು ಅಂತ ತೋರಿಸುವುದನ್ನು ಮಾತ್ರ ನಾನು ಒಪ್ಪಲಿಲ್ಲ. ಶೇ 99.9 ಅಂದರೆ 30 ದಿನಗಳಲ್ಲಿ 43 ನಿಮಿಷ ನಿಂತಿತ್ತು ಅಂತ. ಕೇಳಲು ಚೆನ್ನಾಗಿದೆ. ಆ 43 ನಿಮಿಷ ಫೀ ಕಟ್ಟುವ ಕೊನೆಯ ದಿನದ ಕೊನೆಯ ಗಂಟೆಯಲ್ಲೇ ಬಿದ್ದರೆ? ಆ ಅಂಕಿ ನಮ್ಮ ಮೀಟಿಂಗಿನಲ್ಲಿ ಇರಲಿ. ಪುಟದಲ್ಲಿ ಬೇಡ ಅಂದೆ.

ಇಷ್ಟು ತಯಾರಾದ ಮೇಲೆ ಪ್ರಿನ್ಸಿಪಾಲರ ಒಪ್ಪಿಗೆ ಬೇಕಿತ್ತು. ‘ನಮ್ಮ ತೊಂದರೆಯನ್ನ ನಾವೇ ಊರಿಗೆಲ್ಲ ಸಾರಬೇಕಾ?’ ಅಂದರು. ಅವರ ಆತಂಕ ನನಗೆ ಅರ್ಥವಾಗುತ್ತಿತ್ತು. ಪೋಷಕರು ನೋಡುತ್ತಾರೆ, ಬೇರೆ ಕಾಲೇಜಿನವರು ನೋಡುತ್ತಾರೆ. ನಾನು ವಾದಕ್ಕೆ ಇಳಿಯಲಿಲ್ಲ. ರಿಜಿಸ್ಟರನ್ನು ಅವರ ಮುಂದೆ ತೆರೆದಿಟ್ಟೆ. ಮೂರು ನಾಲ್ಕು ಪುಟ ಅವರೇ ಓದಿದರು. ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತರು. ‘ಬಸ್ಸಿಗೆ ದುಡ್ಡಿಲ್ಲ ಸರ್, ನಾಳೆ ಮತ್ತೆ ಬರಕ್ಕಾಗಲ್ಲ, ಇವತ್ತು ಆಗುತ್ತೋ ಇಲ್ವೋ ಹೇಳಿ.’ ಫೀ ದಿನ ಬಂದ ಕರೆಗಳಲ್ಲಿ ಆ ಹುಡುಗನದ್ದೂ ಒಂದು. ಮಾತು ಮರೆಯಬಾರದು ಅಂತ ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೆವು. ‘ಮಾಡಿ’ ಅಂದರು. ನಾನು ಇನ್ನೊಂದನ್ನೂ ಕೇಳಿದೆ: ಮೊದಲ ಸೂಚನೆ ಹಾಕಲು ಯಾರ ಸಹಿಗೂ ಕಾಯಬಾರದು. ಅದಕ್ಕೂ ಒಪ್ಪಿದರು. ಈ ಎರಡನೆಯ ಒಪ್ಪಿಗೆ ಸಿಗದಿದ್ದರೆ ಮೊದಲನೆಯದರಿಂದ ಏನೂ ಉಪಯೋಗ ಆಗುತ್ತಿರಲಿಲ್ಲ ಅಂತ ಈಗ ಅನಿಸುತ್ತದೆ.

ಪುಟ ಶುರುವಾಗಿ ತಿಂಗಳೊಳಗೆ ನಾವು ಮುಗ್ಗರಿಸಿದೆವು. ಹಾಲ್ ಟಿಕೆಟ್ ಕೊಡುವ ದಿನ. ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಶುರುವಾಯಿತು. ಪುಟ ನೋಡಿದರೆ ಎಲ್ಲ ಸಾಲೂ ಹಸಿರು. ‘ಹಾಲ್ ಟಿಕೆಟ್: ಸರಿ ಇದೆ.’ ಒಬ್ಬ ಹುಡುಗಿ ಒಂದು ಫೋನಿನಲ್ಲಿ ನಮ್ಮ ಹಸಿರು ಪುಟ, ಇನ್ನೊಂದರಲ್ಲಿ ತೆರೆಯದ ಹಾಲ್ ಟಿಕೆಟ್ ಹಿಡಿದು ಬಾಗಿಲಿಗೆ ಬಂದಳು. ‘ಸರ್, ಇದು ಯಾವುದು ನಿಜ?’ ಅಂದಳು.

ಆಗಿದ್ದು ಇಷ್ಟು. ಡೇಟಾಬೇಸ್ ನಿಂತಿತ್ತು. ಆದರೆ ಇಆರ್‌ಪಿ ಅದನ್ನು ದೋಷ ಅಂತ ಹೇಳದೆ, ‘ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಅನ್ನುವ ಪುಟವನ್ನು 200 ಅನ್ನುವ ಕೋಡ್ ಜೊತೆ ಕಳಿಸುತ್ತಿತ್ತು. ವೆಬ್‌ನಲ್ಲಿ 200 ಅಂದರೆ ಎಲ್ಲ ಸರಿ ಅಂತ. ನಮ್ಮ ನಿಗಾ ಆ ಕೋಡನ್ನು ಮಾತ್ರ ನೋಡುತ್ತಿತ್ತು. ಬಾಗಿಲು ತೆರೆದಿದೆಯಾ ಅಂತ ನೋಡಿ, ಒಳಗೆ ಯಾರಾದರೂ ಇದ್ದಾರಾ ಅಂತ ನೋಡದೆ ಬಂದ ಹಾಗೆ. ಅದೇ ವಾರ ಕೀವರ್ಡ್ ನಿಗಾಕ್ಕೆ ಬದಲಾಯಿಸಿದೆವು. ಡೇಟಾಬೇಸಿನಿಂದ ಒಂದು ಸಾಲು ಓದಿ ತೋರಿಸುವ ಸಣ್ಣ ಪರೀಕ್ಷಾ ಪುಟ ಮಾಡಿಸಿದೆವು. ಆ ಪುಟದಲ್ಲಿ ಗೊತ್ತಾದ ಒಂದು ಪದ ಕಂಡರೆ ಮಾತ್ರ ಹಸಿರು. ಜೊತೆಗೆ ಪುಟದ ಕೆಳಗೆ ‘ಇಲ್ಲಿ ಸರಿ ಇದೆ ಅಂತಿದ್ರೂ ನಿಮಗೆ ಬರ್ತಿಲ್ವಾ? ತಿಳಿಸಿ’ ಅನ್ನುವ ಫಾರ್ಮ್ ಇಟ್ಟೆವು. ಐದು ನಿಮಿಷದಲ್ಲಿ ಮೂವರು ತಿಳಿಸಿದರೆ ಯಂತ್ರದ ಮಾತು ಬಿಟ್ಟು ಅವರ ಮಾತು ನಂಬಬೇಕು ಅಂತ ಗೋಡೆ ಮೇಲೆ ಬರೆದು ಅಂಟಿಸಿದೆವು. ಪುಟವೇ ಇಲ್ಲದಿದ್ದರೆ ಜನ ನಮ್ಮನ್ನು ಕೇಳುತ್ತಾರೆ. ಸುಳ್ಳು ಹಸಿರು ತೋರಿಸಿದರೆ ಅವರು ತಮ್ಮ ಫೋನನ್ನೇ ಅನುಮಾನಿಸುತ್ತಾ, ಮತ್ತೆ ಮತ್ತೆ ಪ್ರಯತ್ನಿಸುತ್ತಾ ಅರ್ಧ ದಿನ ಕಳೆಯುತ್ತಾರೆ. ಅದು ಜಾಸ್ತಿ ಅನ್ಯಾಯ.

ಆ ದಿನ ಇನ್ನೊಂದು ತಪ್ಪೂ ಆಯಿತು. ಗಡಿಬಿಡಿಯಲ್ಲಿ ನಾನು ಹಾಕಿದ ಸೂಚನೆ ಹೀಗಿತ್ತು: ‘ತಾಂತ್ರಿಕ ಕಾರಣಗಳಿಂದ ಸೇವೆಯಲ್ಲಿ ವ್ಯತ್ಯಯ ಉಂಟಾಗಿದೆ. ಶೀಘ್ರದಲ್ಲೇ ಸರಿಪಡಿಸಲಾಗುವುದು. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ.’ ಕರೆಗಳು ಒಂದಿಷ್ಟೂ ಕಮ್ಮಿಯಾಗಲಿಲ್ಲ. ಸಂಜೆ ಲ್ಯಾಬ್ ಅಸಿಸ್ಟೆಂಟ್ ಅದನ್ನು ಗಟ್ಟಿಯಾಗಿ ಓದಿ, ‘ಸರ್, ಇದ್ರಲ್ಲಿ ಏನೂ ಇಲ್ವಲ್ಲ’ ಅಂದರು. ನಿಜ. ರಿಜಿಸ್ಟರಿನ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಅಲ್ಲಿ ಉತ್ತರವಿರಲಿಲ್ಲ. ಅವರೇ ಕುಳಿತು ಮಾದರಿಗಳನ್ನು ಬರೆದರು. ಫೀ ತೊಂದರೆಗೆ ಅವರು ಬರೆದದ್ದು ಹೀಗಿದೆ:

‘ಬೆಳಿಗ್ಗೆ 10:20ರಿಂದ ಫೀ ಕಟ್ಟುವಾಗ ಕೊನೆಯಲ್ಲಿ ನಿಲ್ಲುತ್ತಿದೆ. ಎಲ್ಲರಿಗೂ ಹೀಗೇ ಆಗುತ್ತಿದೆ, ನಿಮ್ಮ ಫೋನಿನ ತೊಂದರೆ ಅಲ್ಲ. ದುಡ್ಡು ಕಟ್ ಆಗಿದ್ದರೆ ಮತ್ತೆ ಕಟ್ಟಬೇಡಿ. ಯುಪಿಐ ಆ್ಯಪಿನಲ್ಲಿರುವ 12 ಅಂಕಿಯ ವ್ಯವಹಾರ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಾರಣ ಹುಡುಕುತ್ತಿದ್ದೇವೆ, ಇನ್ನೂ ಸಿಕ್ಕಿಲ್ಲ. ಮುಂದಿನ ಸುದ್ದಿ 11 ಗಂಟೆಗೆ ಇಲ್ಲೇ ಹಾಕುತ್ತೇವೆ.’

ಕಾರಣ ಸಿಕ್ಕಿಲ್ಲ ಅಂತ ಬರೆಯಲು ನನಗೆ ಮೊದಲು ಹಿಂಜರಿಕೆ ಇತ್ತು. ಈಗಿಲ್ಲ. ಜನ ಅದನ್ನು ತಪ್ಪು ತಿಳಿಯುವುದಿಲ್ಲ. ಹನ್ನೊಂದಕ್ಕೆ ಅಂತ ಹೇಳಿ ಹನ್ನೊಂದಕ್ಕೆ ಏನೂ ಹಾಕದಿದ್ದರೆ ಮಾತ್ರ ನಂಬಿಕೆ ಹೋಗುತ್ತದೆ. ಹೊಸದೇನೂ ಇಲ್ಲದಿದ್ದರೂ ‘ಇನ್ನೂ ಕೆಲಸ ನಡೀತಿದೆ, ಮುಂದಿನ ಸುದ್ದಿ ಹನ್ನೊಂದೂವರೆಗೆ’ ಅಂತ ಹಾಕುತ್ತೇವೆ. ಯಾವಾಗ ಸರಿ ಹೋಗುತ್ತದೆ ಅಂತ ಖಚಿತವಾಗಿ ಗೊತ್ತಿಲ್ಲದೆ ಸಮಯ ಕೊಡುವುದಿಲ್ಲ. ಮುಂದಿನ ಸುದ್ದಿಯ ಸಮಯವನ್ನು ಮಾತ್ರ ಕೊಡುತ್ತೇವೆ, ಯಾಕೆಂದರೆ ಅದು ನಮ್ಮ ಕೈಯಲ್ಲಿದೆ.

ಅವತ್ತಿನಿಂದ ಕೆಲಸ ಹಂಚಿಕೆಯೂ ಬದಲಾಯಿತು. ಸರಿ ಮಾಡುವವರು ಬರೆಯುವುದಿಲ್ಲ, ಬರೆಯುವವರು ಸರ್ವರ್ ಮುಟ್ಟುವುದಿಲ್ಲ. ಬರೆಯುವ ಹೊಣೆ ಲ್ಯಾಬ್ ಅಸಿಸ್ಟೆಂಟರದ್ದು. ತೊಂದರೆ ಗೊತ್ತಾಗಿ ಹತ್ತು ನಿಮಿಷದೊಳಗೆ ಮೊದಲ ಸೂಚನೆ ಬರಬೇಕು. ಅವರು ರಜೆ ಹಾಕಿದರೆ ಆ ಹೊಣೆ ಪರೀಕ್ಷಾ ವಿಭಾಗದ ಅದೇ ಮೇಡಂ ಅವರಿಗೆ. ಅವರೇ ಕೇಳಿ ಪಡೆದುಕೊಂಡರು.

ಮೊದಲೇ ಗೊತ್ತಿರುವ ರಿಪೇರಿಗಳಿಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಭಾನುವಾರ ಬೆಳಿಗ್ಗೆ, ಪರೀಕ್ಷೆ ಇಲ್ಲದ ವಾರದಲ್ಲಿ, ಮೂರು ದಿನ ಮುಂಚೆ ಪುಟದಲ್ಲಿ ಹಾಕಿ ಮಾಡುತ್ತೇವೆ.

ಪುಟ ಇದೆ ಅಂತ ಜನರಿಗೆ ತಿಳಿಸುವುದಕ್ಕೆ ಕ್ಯೂಆರ್ ಕೋಡ್ ಹಾಳೆಗಳನ್ನು ಅಂಟಿಸಿದೆವು. ಮೆಸ್ಸಿನಲ್ಲಿ ತಟ್ಟೆ ಹಿಡಿದು ಸಾಲು ನಿಲ್ಲುವ ಗೋಡೆ, ಲೈಬ್ರರಿಯ ಬಾಗಿಲು, ಫೀ ಕೌಂಟರಿನ ಗಾಜು. ಹಾಳೆಯಲ್ಲಿ ದೊಡ್ಡದಾಗಿ ಬರೆದ ಸಾಲು: ‘ವೈಫೈ ಇಲ್ದಿದ್ರೆ ಮೊಬೈಲ್ ಡೇಟಾದಲ್ಲಿ ನೋಡಿ.’ ಇದನ್ನು ಮೊದಲ ಹಾಳೆಯಲ್ಲಿ ಬರೆಯಲು ಮರೆತಿದ್ದೆವು. ಹಾಸ್ಟೆಲ್ಲಿನ ಹುಡುಗನೊಬ್ಬ ಪೆನ್ನಿನಲ್ಲಿ ಸೇರಿಸಿದ್ದ. ಅವನ ಸಾಲನ್ನೇ ಮುಂದಿನ ಹಾಳೆಗಳಲ್ಲಿ ಅಚ್ಚು ಹಾಕಿಸಿದೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಲೇಜಿನ ಮುಂದಿನ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಒಂದು ಬೆಳಿಗ್ಗೆ ಜೆಸಿಬಿ ನಮ್ಮ ಫೈಬರ್ ಕೇಬಲನ್ನು ಕಿತ್ತು ಹಾಕಿತು. ಎರಡೂ ಬೋರ್ಡ್‌ಗಳ ಸಂದೇಶ ಒಟ್ಟಿಗೆ ನಿಂತಿತು. ನಾಲ್ಕು ನಿಮಿಷದಲ್ಲಿ ಎರಡು ವೈಫೈ ಸಾಲುಗಳೂ ಕೆಂಪಾದವು, ನಮ್ಮ ನಾಲ್ಕೂ ಜನರ ಟೆಲಿಗ್ರಾಮ್ ಒಟ್ಟಿಗೆ ಸದ್ದು ಮಾಡಿತು. ನಾನು ರಸ್ತೆಗೆ ಓಡಿದೆ. ಮಣ್ಣಿನಲ್ಲಿ ಕಪ್ಪು ಕೇಬಲ್ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಕೇಬಲ್ ಜೋಡಿಸುವವರು ಬರಲು ಮಧ್ಯಾಹ್ನ ಆಗುತ್ತದೆ ಅಂದರು. ಅಷ್ಟರಲ್ಲಿ ಪುಟದಲ್ಲಿ ಸೂಚನೆ ಬಂದಾಗಿತ್ತು: ‘ರಸ್ತೆ ಕೆಲಸದಲ್ಲಿ ಕೇಬಲ್ ತುಂಡಾಗಿದೆ. ಕ್ಯಾಂಪಸ್ಸಿನಲ್ಲಿ ಎಲ್ಲೂ ಇಂಟರ್ನೆಟ್ ಇಲ್ಲ. ಇವತ್ತಿನ ಅಸೈನ್‌ಮೆಂಟ್ ಕೊಡುವ ಗಡುವು ನಾಳೆ ಸಂಜೆ 5ಕ್ಕೆ ಹೋಗಿದೆ, ವಿಭಾಗದ ಮುಖ್ಯಸ್ಥರು ಒಪ್ಪಿದ್ದಾರೆ. ಮುಂದಿನ ಸುದ್ದಿ 12 ಗಂಟೆಗೆ.’ ಗಡುವಿನ ಸಾಲು ನಾನು ಹೇಳಿದ್ದಲ್ಲ. ಲ್ಯಾಬ್ ಅಸಿಸ್ಟೆಂಟ್ ಮುಖ್ಯಸ್ಥರಿಗೆ ತಾವೇ ಫೋನ್ ಮಾಡಿ, ಒಪ್ಪಿಸಿ, ಆಮೇಲೆ ಬರೆದಿದ್ದರು.

ವಾಪಸ್ ಬರುವಾಗ ಪರೀಕ್ಷಾ ವಿಭಾಗದ ಕಿಟಕಿ ದಾಟಿ ಬಂದೆ. ಮೇಡಂ ಯಾರೋ ಒಬ್ಬ ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಎದುರಿಗೆ ತಮ್ಮ ಮೊಬೈಲಿನಲ್ಲಿ ಪುಟ ತೆರೆದಿಟ್ಟುಕೊಂಡು ಓದಿ ಹೇಳುತ್ತಿದ್ದರು. ‘ಇಲ್ಲಮ್ಮ, ನಿಮ್ಮ ಮಗಳದ್ದೊಂದೇ ಅಲ್ಲ, ಎಲ್ಲರಿಗೂ ನಿಂತಿದೆ. ಹನ್ನೆರಡಕ್ಕೆ ಮತ್ತೆ ಹಾಕ್ತಾರೆ. ಅಸೈನ್‌ಮೆಂಟ್ ನಾಳೆ ಕೊಟ್ರೆ ಸಾಕು ಅಂತ ಹೇಳಿ ಅವಳಿಗೆ.’

ಐಟಿ ಸೆಲ್‌ಗೆ ಬಂದು ನೋಡಿದೆ. ಫೋನ್ ಸುಮ್ಮನಿತ್ತು. ಪಕ್ಕದ ರಿಜಿಸ್ಟರಿನಲ್ಲಿ ಆ ದಿನದ ತಾರೀಕಿನ ಕೆಳಗೆ ಅಟೆಂಡರ್ ನಾಲ್ಕು ಕರೆ ಬರೆದಿದ್ದ. ಅದರಲ್ಲಿ ಒಂದು ಮೆಸ್ಸಿನಿಂದ ಬಂದದ್ದು: ಕ್ಯೂಆರ್ ಹಾಳೆ ಹರಿದಿದೆ, ಇನ್ನೊಂದು ಕೊಡ್ತೀರಾ ಅಂತ.